ಕಪ್ಪು ದಾರದ ಶ್ಯಾಮ್ರಾಕ್

ಗಾಲ್ವೇ
ಮಾರ್ಚ್ ೧೮

ಫರ್ಗಲ್,

ನಿನ್ನೆ ಸಂಜೆ ನಿನ್ನನ್ನು ಬಾಗಿಲಿಂದಲೇ ಕಳಿಸಿಬಿಟ್ಟೆ. ಯಾಕೆಂದು ನೀನು ಕೇಳಲೂ ಇಲ್ಲ. ಅದರಿಂದ ನನ್ನ ಅನುಮಾನ ಇನ್ನೂ ಹೆಚ್ಚಾಯಿತು.

ಬೆಳಿಗ್ಗೆ ನೀನು ಊನಾಳನ್ನು ಪ್ಯಾಟ್ರಿಕ್ ಹಬ್ಬದ ಮೆರವಣಿಗೆಗೆ ಕರೆದೊಯ್ಯಲು ಬಂದಾಗ ಇಬ್ಬರ ಕೋಟಿಗೂ ಶ್ಯಾಮ್ರಾಕ್ ಎಲೆಗಳ ಗೊಂಚಲು ಚುಚ್ಚಿದವಳು ನಾನೇ. ಮಗಳದಕ್ಕೆ ಹಸಿರು ರಿಬ್ಬನ್ ಕಟ್ಟಿದ್ದೆ, ನಿನ್ನದಕ್ಕೆ ಕಪ್ಪು ದಾರ. ಸಂಜೆ ನಿನ್ನ ಕೋಟಿನಲ್ಲಿ ಬರೀ ಪಿನ್ನಿತ್ತು, ಬಾಯಲ್ಲಿ ಪೆಪ್ಪರ್‌ಮಿಂಟ್ ವಾಸನೆ.

"ಎಲ್ಲೋ ಬಿದ್ದಿರ್ಬೇಕು ಕಣೇ" ಅಂದೆ.

ಈ ಹಬ್ಬದಲ್ಲಿ ಗಂಡಸರ ಶ್ಯಾಮ್ರಾಕ್ ಎಲ್ಲಿ ಬೀಳುತ್ತದೆಂದು ನನಗೆ ಗೊತ್ತಿಲ್ಲವೇ? ಕೊನೆಯ ಗ್ಲಾಸು ವಿಸ್ಕಿಯಲ್ಲಿ ಅದನ್ನು ಮುಳುಗಿಸಿ, ಕುಡಿದು, ಎಡಭುಜದ ಹಿಂದಕ್ಕೆ ಎಸೆಯುವುದನ್ನು ಮದುವೆಯಾದಾಗಿನಿಂದ ನೋಡಿದ್ದೇನೆ. ಕುಡಿತ ಬಿಟ್ಟರೆ ಮಾತ್ರ ಮನೆಗೆ ಬಾ ಎಂದಿದ್ದು ಸುಮ್ಮನೆ ಅಲ್ಲ.

ನಿನ್ನೆ ನಿನ್ನ ಕೋಟನ್ನಷ್ಟೇ ನೋಡಿದೆ. ಇವತ್ತು ಊನಾಳ ಕೋಟನ್ನು ಒಗೆಯಲು ತೆಗೆದರೆ ಅದರ ಮೇಲೆ ಕಪ್ಪು ದಾರದ ಗೊಂಚಲಿತ್ತು.

"ಇದು ಅಪ್ಪಂದಲ್ವೇನೇ?"

"ನಂದು ಗಾಳಿಗೆ ಹಾರ್ಹೋಯ್ತು, ಅಮ್ಮ. ಅಪ್ಪ ತನ್ನದು ಕೊಟ್ಟ. ಅಮ್ಮಂಗೆ ಹೇಳ್ಬೇಡ, ನಿಂಗೆ ಬೈತಾಳೆ ಅಂದ. ಈಗ ಬೈತೀಯಾ?"

ಬೈಯಲಿಲ್ಲ. ಆದರೆ ಒಂದು ಗೊಂಚಲು ಸಿಕ್ಕ ಮಾತ್ರಕ್ಕೆ ಇಡೀ ದಿನ ನೀನು ಕುಡಿದಿರಲಿಲ್ಲವೆಂದು ನಂಬಬಹುದೇ ಎಂದು ಆಮೇಲೂ ಯೋಚಿಸುತ್ತಾ ಕೂತಿದ್ದೆ. ನಾನು ಯಾವಾಗ ಹೀಗಾದೆನೋ ತಿಳಿಯದು.

ಭಾನುವಾರ ಊಟಕ್ಕೆ ಬಾ. ಪಿನ್ನು ಎಳೆದು ನಿನ್ನ ಕೋಟಿನ ಕಾಲರು ಹರಿದಿದೆ, ಹೊಲಿದುಕೊಡುತ್ತೇನೆ. ಬರುವಾಗ ದಯವಿಟ್ಟು ಪೆಪ್ಪರ್‌ಮಿಂಟ್ ತಿನ್ನಬೇಡ.

ಗ್ರಾನ್ಯಾ