ಹಗ್ಗದ ನಡುವೆ ನೂಕಿದ್ದು

ಆಗಸ್ಟ್ 12, ಮಂಗಳವಾರ

ರೆಹಾನಾ, ಅಜ್ಜಿಯ ದಿನಚರಿಯನ್ನು ಕದ್ದು ಓದಲು ನಿನಗೆ ನಾಚಿಕೆಯಿಲ್ಲ. ಓದು.

ಇವತ್ತು ವೀಳ್ಯದೆಲೆಯ ಪೆಂಡಿ ಹೇರಿದ್ದ ಮೂರು ಗಾಲಿಯ ಟಂಟಂ ಗಾಡಿ ತೋಟದ ರಾಡಿಯಲ್ಲಿ ಹೂತಿತು. ಸಂತೆ ತಪ್ಪಿದರೆ ಎಲೆ ಆಡಿನ ಪಾಲು. ಡ್ರೈವರ್ ಬೀರಪ್ಪ ಜಗ್ಗಿ ಜಗ್ಗಿ ಸೋತ. ನೀನು ಗಾಡಿಯಿಂದ ಬೇವಿನ ಮರಕ್ಕೆ ಹಗ್ಗ ಬಿಗಿದೆ.

"ಜಗ್ಗಬ್ಯಾಡ್ರಿ ಕಾಕಾ, ಹಗ್ಗದ ನಡುವ ಅಡ್ಡ ನೂಕ್ರಿ. ಟೀವ್ಯಾಗ ಹಂಗ ಮಾಡ್ಯಾರ."

"ಟೀವ್ಯಾಗ ಗುಡ್ಡದಿಂದ ಹಾರತಾರವ್ವ, ನೀನೂ ಹಾರತೀಯೇನು?" ಎನ್ನುತ್ತಲೇ ಅವನು ನೂಕಿದ.

ಗಾಡಿ ನಾಲ್ಕು ಬೆರಳು ಸರಿದು ನಿಂತಿತು. ಹಗ್ಗ ಸಡಿಲಾದಾಗಲೆಲ್ಲ ಬಿಗಿದು ಮತ್ತೆ ನೂಕಬೇಕಾಯಿತು. ಆ ದುಡಿತವನ್ನು ಟೀವಿಯವರು ತೋರಿಸುವುದಿಲ್ಲ. ಎಲೆಯೇನೋ ಸಂತೆ ಮುಟ್ಟಿತು.

ನೇರ ಜಗ್ಗಿದಾಗ ಇರದ ಬಲ ಅದೇ ಕೈಗೆ ಎಲ್ಲಿಂದ ಬಂತು? ನಿದ್ದೆ ಹತ್ತುತ್ತಿಲ್ಲ. 'ಅದು ಸೈನ್ಸ್, ದಾದಿ' ಎಂದು ಈ ಅಜ್ಜಿಯಿಂದ ಜಾರಿಕೊಳ್ಳಬೇಡ. ಈ ತಿಂಗಳು ಮುಗಿಯುವ ಮೊದಲು, ನನಗೆ ತಿಳಿಯುವಂತೆ, ಇದರ ಕೆಳಗೇ ಬರೆ.