ಆಟದ ಪೆಟ್ಟಿಗೆಯ ಬಿಸಿಯ ಬಗ್ಗೆ ಮುತ್ತಾತನಿಗೊಂದು ತಕರಾರು

ಬಳ್ಳಾರಿ
ನೆರಳುಶಕೆ ೪೭, ಹದಿಮೂರನೆಯ ತಿಂಗಳು, ಮೂವತ್ತೆರಡನೆಯ ದಿನ

ಮುತ್ತಾತ ಗಾದಿಲಿಂಗಪ್ಪನವರಿಗೆ ಮರಿಮಗ ಪಂಪಾಪತಿಯ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ಇವನಿಗೆ ಬಿಸಿಲು ನೆತ್ತಿಗೇರಿದೆ ಎಂದುಕೊಳ್ಳಬೇಡಿ. ಏರಿರುವುದು ನಿಜ, ಆದರೆ ತಾರೀಖು ಸರಿಯಾಗಿಯೇ ಇದೆ. ಬೇಸಿಗೆ ಹನ್ನೆರಡು ತಿಂಗಳಲ್ಲಿ ಹಿಡಿಸದೆ ಹೊರಗೆ ಚೆಲ್ಲತೊಡಗಿದಾಗ ನಮ್ಮ ಸರ್ಕಾರದವರು ಅಧಿಕಮಾಸವೆಂಬ ಹಂಗಾಮಿ ನೌಕರನನ್ನು ಕಾಯಂ ಮಾಡಿಬಿಟ್ಟರು. ನನ್ನ ಭಾಷೆ ವಿಚಿತ್ರವೆನಿಸಿದರೆ ಅದಕ್ಕೂ ಕ್ಷಮೆಯಿರಲಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಾಲೇಜಿನಲ್ಲಿ ಹಳೆಗನ್ನಡ ಎಂಬ ವಿಷಯದಡಿ ಓದಿ, ಎರಡನೆಯ ಸಲಕ್ಕೆ ಪಾಸಾದವನು.

ಈ ಪತ್ರ ನಿಮಗೆ ಹಿಂದಂಚೆಯಲ್ಲಿ ಬರುತ್ತಿದೆ. ಹಿಂದಂಚೆ ಎಂದರೆ ಹಿಂದಿನ ಕಾಲಕ್ಕೆ ಹೋಗುವ ಅಂಚೆ. ಅದು ಮಾತನ್ನು ಮಾತ್ರ ಒಯ್ಯುತ್ತದೆ, ವಸ್ತುವನ್ನು ಮುಟ್ಟುವುದಿಲ್ಲ, ಉತ್ತರವನ್ನಂತೂ ತರುವುದೇ ಇಲ್ಲ. ಕೌಂಟರಿನಲ್ಲಿ ಕೂತ ಗುಮಾಸ್ತೆ, 'ಬರೀರಿ, ಬರೆದು ಹಾಕ್ರಿ, ಮುಟ್ಟಿತೋ ಇಲ್ಲೋ ಅಂತ ಮಾತ್ರ ನನ್ನ ಕೇಳಬ್ಯಾಡ್ರಿ' ಎಂದು ಮೊದಲೇ ಕೈ ತೊಳೆದುಕೊಂಡಳು. ಒಟ್ಟಿನಲ್ಲಿ ದೇವರಿಗೆ ಹರಕೆ ಹೊತ್ತಂತೆ, ರಶೀದಿ ಮಾತ್ರ ಹೆಚ್ಚಿಗೆ.

ನಮ್ಮ ದಿನಚರಿಯನ್ನು ಸ್ವಲ್ಪ ಹೇಳದಿದ್ದರೆ ಮುಂದಿನದು ನಿಮಗೆ ಅರ್ಥವಾಗದು. ನಮ್ಮ ಓಣಿಗಳಿಗೆಲ್ಲ ಈಗ ಮಾಡು ಇದೆ. ಒಂದು ಮನೆಯಿಂದ ಎದುರು ಮನೆಗೆ ದಪ್ಪ ಬಟ್ಟೆ ಕಟ್ಟಿ ನೆರಳು ಮಾಡಿಕೊಂಡಿದ್ದೇವೆ, ಹಾಗಾಗಿ ಎದುರು ಮನೆಯವರ ಜತೆ ಜಗಳವಾಡಿದರೆ ಬಿಸಿಲಲ್ಲಿ ನಿಲ್ಲಬೇಕಾಗುತ್ತದೆ. ಮನೆಮನೆಗೂ ದಿನಕ್ಕೊಂದು ತಾಸು ತಣ್ಣನೆ ಗಾಳಿ ಬಿಡುತ್ತಾರೆ. ಅದಕ್ಕೆ ತಂಪುಪಾಳಿ ಎಂದು ಹೆಸರು. ನಮ್ಮ ಓಣಿಯದು ಬೆಳಿಗ್ಗೆ ಹತ್ತಕ್ಕೆ. ಹಿಟ್ಟು ನಾದುವುದು, ಲೆಕ್ಕ ಕಲಿಸುವುದು, ಹೆಣ್ಣು ನೋಡುವುದು, ಎಲ್ಲವೂ ಆ ಒಂದು ತಾಸಿನಲ್ಲಿ ಮುಗಿಯಬೇಕು. ಇನ್ನು ನಮ್ಮ ಯಂತ್ರಗಳಿಗೆ ತಿರುಪುಗಳೇ ಇರುವುದಿಲ್ಲ. ಕೆಟ್ಟರೆ ಊರಾಚೆಯ ಕರಗುಮನೆಗೆ ಕೊಟ್ಟು ಕರಗಿಸಿ ಹೊಸದನ್ನು ತರುವುದು. ರಿಪೇರಿ ಎಂಬ ಪದ ಈಗ ಮದುವೆಯ ವಿಚಾರದಲ್ಲಿ ಮಾತ್ರ ಬಳಕೆಯಲ್ಲಿದೆ, ಅಲ್ಲೂ ಫಲ ಅಷ್ಟಕ್ಕಷ್ಟೆ.

ಇಂಥ ಊರಿನಲ್ಲಿ, ನಮ್ಮ ಮನೆಯಲ್ಲಿ, ನಿಮ್ಮ ಗೇಮ್ ಕನ್ಸೋಲ್ ಇನ್ನೂ ಇದೆ. ನಿಮ್ಮ ಮಗನಿಗೆಂದು ಮೊನ್ನೆ ತಾನೆ ತಂದು ಟಿವಿಗೆ ಸಿಕ್ಕಿಸಿದಿರಲ್ಲ, ಕಾರು ಓಡಿಸುವ ಆಟದ ಆ ಕಪ್ಪು ಪೆಟ್ಟಿಗೆ, ಅದೇ. ನಡುವೆ ನಲವತ್ತು ವರ್ಷ ಅದನ್ನು ಯಾರೂ ಆಡಲಿಲ್ಲ. ವರ್ಷಕ್ಕೊಮ್ಮೆ ಪೂಜೆ ಮಾಡಿಸಿಕೊಂಡು, ಹಳೆಯ ಟಿವಿಯ ಪಕ್ಕದಲ್ಲಿ ದೇವರ ಹಾಗೆ ತೆಪ್ಪಗೆ ಕೂತಿತ್ತು. ಎರಡು ವರ್ಷದ ಹಿಂದೆ ನಾನೇ ಅದನ್ನು ಎಬ್ಬಿಸಿದೆ, ಅವ್ವನಿಗಾಗಿ.

ಅವ್ವ ಎಂದರೆ ಹೊನ್ನೂರಮ್ಮ, ನಿಮ್ಮ ಮೊಮ್ಮಗಳು. ನಿಮಗಿನ್ನೂ ಪರಿಚಯವಿಲ್ಲ, ಅವಳು ಹುಟ್ಟಲು ಹದಿನೆಂಟು ವರ್ಷ ಬಾಕಿಯಿದೆ. ನಮ್ಮ ಕಡೆ ಅವಳಿಗೀಗ ಎಪ್ಪತ್ತೆಂಟು. ಮೂರು ವರ್ಷದಿಂದ ಮರೆವು ಹಿಡಿದಿದೆ. ದಿನವಿಡೀ ನನ್ನನ್ನು ನೆಂಟನಂತೆ ನೋಡಿ, ಬಹಳ ಮರ್ಯಾದೆಯಿಂದ 'ನೀವು ಯಾರ ಪೈಕಿರಿ?' ಎಂದು ವಿಚಾರಿಸುತ್ತಾಳೆ. ಹೆತ್ತವಳು ಹೀಗೆ ಬಹುವಚನದಲ್ಲಿ ಕೇಳಿದರೆ, ಮುತ್ತಾತ, 'ನಿಮ್ಮ ಪೈಕೀನೇರಿ' ಅನ್ನುತ್ತೇನೆ. ಆದರೆ ಆ ಆಟದ ಕಂಟ್ರೋಲರ್ ಕೈಗೆ ಕೊಟ್ಟರೆ ಸಾಕು, ಚಿಕ್ಕಂದಿನಲ್ಲಿ ನಿಮ್ಮ ಜತೆ ಆಡಿದ ಅವಳ ಬೆರಳುಗಳಿಗೆ ಎಲ್ಲವೂ ನೆನಪಿದೆ. ಒಂದು ರೇಸಿಗೆ ಮೂರು ಸುತ್ತು, ಒಟ್ಟು ಹನ್ನೊಂದು ನಿಮಿಷ. ಆಡುತ್ತಿರುವಷ್ಟು ಹೊತ್ತೂ, ಪಕ್ಕದಲ್ಲಿ ಕೂತು ಇನ್ನೊಂದು ಕಾರು ಓಡಿಸುವ ನಾನು ಅವಳ ಪಾಲಿಗೆ ನೀವು. 'ತಾತ, ಇದೇನು ಕಾರೋ ಎಮ್ಮೆಯೋ?' ಎಂಬಂಥ ನಿಮ್ಮ ಬಾಬ್ತಿನ ಬೈಗುಳವನ್ನೆಲ್ಲ ನಾನು ತಿನ್ನುತ್ತೇನೆ. ರೇಸು ಮುಗಿದು ಅವಳ ಕಾರು ಗೆರೆ ದಾಟಿದಾಗ ಮಾತ್ರ ಕಂಟ್ರೋಲರ್ ಕೆಳಗಿಟ್ಟು ಪಕ್ಕಕ್ಕೆ ತಿರುಗುತ್ತಾಳೆ. 'ಪಂಪಾ, ಯಾವಾಗ ಬಂದಿ? ಉಂಡೇನು?' ಅನ್ನುತ್ತಾಳೆ. ಅಲ್ಲಿಂದ ಅರ್ಧ ತಾಸು ಅವಳು ನನ್ನ ಅವ್ವ. ವೈದ್ಯರನ್ನು ಕೇಳಿದೆ. ಇದಕ್ಕೆ ಕಾರಣವೇ ಇಲ್ಲ ಎಂದು ಹೇಳಿ, ಇಲ್ಲದ ಕಾರಣಕ್ಕೊಂದು ಉದ್ದನೆಯ ಹೆಸರಿಟ್ಟು ಕಳಿಸಿದರು. ಆಟ ನಡುವೆ ನಿಂತರೆ ಆ ಅರ್ಧ ತಾಸಿಲ್ಲ. ಕಪ್ಪಾದ ಪರದೆಯನ್ನು ನೋಡುತ್ತ ಸುಮ್ಮನೆ ಕೂರುತ್ತಾಳೆ.

ಈಗ ತಕರಾರಿಗೆ ಬರುತ್ತೇನೆ. ಮೊದಲ ವರ್ಷ ಪೆಟ್ಟಿಗೆ ಇಪ್ಪತ್ತೈದು ನಿಮಿಷ ಓಡಿತು. ಹೋದ ಬೇಸಿಗೆಗೆ ಹದಿನೈದಕ್ಕಿಳಿಯಿತು. ಈ ಸಲ ಒಂಬತ್ತನೆಯ ನಿಮಿಷಕ್ಕೆ ಫ್ಯಾನು ರುಬ್ಬುಗುಂಡಿನ ಹಾಗೆ ಗುಡುಗಿ, ಕೆಂಪು ದೀಪ ಮಿಣುಕಿ, ಎಲ್ಲವೂ ಬಂದ್. ಒಂಬತ್ತಕ್ಕೂ ಹನ್ನೊಂದಕ್ಕೂ ಇರುವ ವ್ಯತ್ಯಾಸ ಎರಡೇ ನಿಮಿಷ ಎಂದು ಲೆಕ್ಕದ ಮೇಷ್ಟರು ಹೇಳಿಯಾರು. ಅವರಿಗೇನು, ಅವರ ಅವ್ವ ಅವರನ್ನು ಗುರುತು ಹಿಡಿಯುತ್ತಾಳೆ. ಯಂತ್ರಕ್ಕೆ ಮೈ ಬಿಸಿ, ನನಗೆ ತಲೆ ಬಿಸಿ. ತಾಪತ್ರಯದಲ್ಲಿ ತಾಪ ಯಾಕಿದೆಯೆಂದು ಈ ವಯಸ್ಸಿಗೆ ತಿಳಿಯಿತು.

ಮೊದಲು ಮುತ್ತಜ್ಜಿ ಹೆಣೆದ ಕ್ರೋಶ ಹೊದಿಕೆಯನ್ನು ತೆಗೆದೆ. ಬಳ್ಳಾರಿಯ ಬಿಸಿಲಿನಲ್ಲಿ ಯಂತ್ರಕ್ಕೆ ಸ್ವೆಟರ್ ತೊಡಿಸಿದ ಮನೆತನ ನಮ್ಮದೊಂದೇ ಇರಬೇಕು. ಆಮೇಲೆ ಪೆಟ್ಟಿಗೆಯ ಅಡಿಯಲ್ಲಿ ಗಾಳಿ ಆಡಲೆಂದು ನಾಲ್ಕು ಮೂಲೆಗೆ ನಾಲ್ಕು ಲೋಟ ಬೋರಲಿಟ್ಟು ಅದರ ಮೇಲೆ ಕೂರಿಸಿದೆ. ಗೋಡೆಯಿಂದ ಮೊಳದುದ್ದ ದೂರ ಸರಿಸಿದೆ. ಆಟವನ್ನು ತಂಪುಪಾಳಿಯ ಹೊತ್ತಿಗೇ ಇಟ್ಟುಕೊಂಡು, ಮನೆಗೆ ಬಂದ ತಣ್ಣನೆ ಗಾಳಿಯನ್ನೆಲ್ಲ ಅದರ ಕಡೆಗೇ ತಿರುಗಿಸಿದೆ. ಅಷ್ಟೆಲ್ಲ ಮಾಡಿದರೂ ಗಳಿಸಿದ್ದು ಅರ್ಧ ನಿಮಿಷ.

ಕೊನೆಗೆ ಕರಗುಮನೆಯ ಮಾರೆಕ್ಕನನ್ನು ಕರೆತಂದೆ. ಎಪ್ಪತ್ತರ ಹೆಂಗಸು, ಹಳೆಯ ಯಂತ್ರಗಳನ್ನು ಕರಗಿಸುವ ಮುಂಚೆ ಕುತೂಹಲಕ್ಕೆ ಬಿಚ್ಚಿ ನೋಡಿ ನೋಡಿಯೇ ಎಲ್ಲ ಕಲಿತವಳು. ಸ್ಕ್ರೂಡ್ರೈವರ್ ಹಿಡಿಯಬಲ್ಲ ಕೈ ಊರಿನಲ್ಲಿ ಅವಳದೊಂದೇ. ಮುಚ್ಚಳ ಎತ್ತಿದವಳು ಬಗ್ಗಿ ಒಮ್ಮೆ ಮೂಸಿದಳು. ಆಮೇಲೆ, 'ಪಂಪಣ್ಣ, ಇದು ಮಷೀನೋ ಗುಡಿಯೋ?' ಎಂದಳು.

ಒಳಗೆಲ್ಲ ಕುಂಕುಮ, ಮುತ್ತಾತ. ಫ್ಯಾನಿನ ರೆಕ್ಕೆಗಳಲ್ಲಿ ಕುಂಕುಮ, ಶಾಖ ಹೊರಗೆ ಹಾಕಬೇಕಾದ ಲೋಹದ ಪಟ್ಟಿಗಳ ಸಂದಿಯಲ್ಲಿ ಅರಿಶಿನ, ಅದರ ಮೇಲೆ ಕರ್ಪೂರದ ಮಸಿ, ಮತ್ತೆ ಕುಂಕುಮ. ಆಯುಧಪೂಜೆಗೆ ಒಂದೊಂದು ಪದರ. ನಿಮ್ಮ ತಪ್ಪಿನ ಮೂಲವೂ ನನಗೆ ಗೊತ್ತಾಯಿತು. ಆ ಪೆಟ್ಟಿಗೆಯ ಗಾಳಿಕಿಂಡಿಗಳು ಸಾಲಾಗಿ, ವಿಭೂತಿ ಪಟ್ಟೆ ಬಳಿದ ಹಣೆಯ ಹಾಗೆಯೇ ಕಾಣುತ್ತವೆ. ನಟ್ಟನಡುವೆ ಒಂದು ಬೊಟ್ಟು ಇಡದೆ ಬಿಡಲು ಯಾವ ಭಕ್ತನಿಗೂ ಕೈ ಬರುವುದಿಲ್ಲ. ನಿಮ್ಮನ್ನಷ್ಟೇ ದೂರಿ ಏನು ಮಾಡಲಿ, ಕಡೆಯ ಇಪ್ಪತ್ತೆರಡು ಬೊಟ್ಟು ನಾನು ಇಟ್ಟವೇ. ಮಾರೆಕ್ಕ ಬ್ರಷ್ಷಿನಿಂದ ಕೆದಕುತ್ತ, 'ಹೆಸರಲ್ಲೇ ಪಂಪು ಇಟ್ಕಂಡೀಯ, ಒಂದು ದಿನ ಇದಕ್ಕೆ ಗಾಳಿ ಹೊಡೆದಿಲ್ಲಲ್ಲೋ' ಎಂದು ಹಂಗಿಸಿದಳು. ತೆಗೆದ ಕುಂಕುಮ ಒಂದು ಬಟ್ಟಲು ತುಂಬಿತು. ಎಸೆಯಲು ಮನಸ್ಸಾಗದೆ ಎತ್ತಿಟ್ಟಿದ್ದೇನೆ.

ಆದ್ದರಿಂದ, ಮುಂದಿನ ವಾರ ನಿಮ್ಮಲ್ಲಿ ಆ ಪೆಟ್ಟಿಗೆಯ ಮೊದಲ ಆಯುಧಪೂಜೆ ಬಂದಾಗ, ದಯವಿಟ್ಟು ಬೊಟ್ಟನ್ನು ಅದರ ಹೊರಪೆಟ್ಟಿಗೆಯ ರಟ್ಟಿಗೆ ಇಡಿ. ಈ ಸಾಲು ಬರೆದ ಮೇಲೆ ಎದ್ದು ಹೋಗಿ ಬಟ್ಟಲನ್ನು ನೋಡಿ ಬಂದೆ. ಇನ್ನೂ ತುಂಬಿಯೇ ಇದೆ. ಅಂದರೆ ನೀವು ಈ ಪತ್ರವನ್ನು ಓದಲಿಲ್ಲ, ಇಲ್ಲವೇ ಓದಿಯೂ ನನ್ನ ಮಾತು ಕೇಳಲಿಲ್ಲ. ನಮ್ಮ ಮನೆತನವನ್ನು ಬಲ್ಲವನಾಗಿ ನಾನು ಎರಡನೆಯದನ್ನೇ ನಂಬುತ್ತೇನೆ.

ಕುಂಕುಮ ತೆಗೆದರೂ ಕಾಟ ಮುಗಿಯಲಿಲ್ಲ. ಪೆಟ್ಟಿಗೆಯ ಮಿದುಳಿನಂಥ ಚಿಪ್ಪಿಗೂ ಅದರ ಮೇಲೆ ಕೂರುವ ಲೋಹಕ್ಕೂ ನಡುವೆ, ಬಿಸಿ ದಾಟಿಸಲೆಂದು, ಬೆಣ್ಣೆಯಂಥ ಒಂದು ಪೇಸ್ಟ್ ಇರುತ್ತದಂತೆ. ಅದು ಒಣಗಿ ಸೀಮೆಸುಣ್ಣವಾಗಿತ್ತು. ಅಂಥದ್ದನ್ನು ಈಗ ಯಾರೂ ಮಾಡುವುದಿಲ್ಲ. ನಿಮ್ಮಲ್ಲಿ ಯಾವುದೋ ಅಂಗಡಿಯ ಮೂಲೆಯಲ್ಲಿ ಬಿದ್ದಿರುತ್ತದೆ, ಒಂದು ಕಡಲೆಬೇಳೆಯಷ್ಟು ಸಾಕಿತ್ತು, ಆದರೆ ಹಿಂದಂಚೆ ಆ ಕಡೆಯಿಂದ ಏನನ್ನೂ ತರದು. ಪಕ್ಕದ ಮನೆಯವರು, 'ಗಂಧ ತೇದು ಹಚ್ರಿ, ಅದು ತಂಪು' ಎಂದರು. ಹಣೆಯ ಮೇಲಿನ ಕುಂಕುಮವೇ ಇಷ್ಟು ಮಾಡಿರುವಾಗ ಮಿದುಳಿಗೆ ಗಂಧ ಹಚ್ಚುವ ಧೈರ್ಯ ನನಗಾಗಲಿಲ್ಲ. ಮಾರೆಕ್ಕ ಯೋಚಿಸಿ ಯೋಚಿಸಿ ಹಲ್ಲುಜ್ಜುವ ಪೇಸ್ಟನ್ನು ತೆಳ್ಳಗೆ ಸವರಿ ಮುಚ್ಚಿದಳು.

ಅವತ್ತು ಪೆಟ್ಟಿಗೆ ಹನ್ನೆರಡು ನಿಮಿಷ ಓಡಿತು. ಅವ್ವ ಗೆರೆ ದಾಟಿದಳು, ತಿರುಗಿದಳು. 'ಪಂಪಾ, ಮೀಸೆ ಯಾಕೆ ಹಂಗೆ ಬಿಟ್ಟೀಯ, ಪೊರಕೆ ಆದಂಗೆ ಐತೆ' ಎಂದಳು. ಮೀಸೆಯ ಮೇಲೆ ಕೈಯಾಡಿಸಿದಳು. ಮಾರೆಕ್ಕನಿಗೆ ಚಹಾ ಕೊಡಲಿಲ್ಲವೆಂದು ನನ್ನನ್ನು ಗದರಿದಳು. ಆಮೇಲೆ ತಂದುಕೊಟ್ಟ ಚಹಾ ಕುಡಿಯುವ ನೆಪದಲ್ಲಿ ಮಾರೆಕ್ಕ ಗೋಡೆಯ ಕಡೆ ತಿರುಗಿ ಕೂತಳು.

ಮರುದಿನ ಪೇಸ್ಟ್ ಒಣಗಿತು. ನಾಲ್ಕು ನಿಮಿಷಕ್ಕೆ ಬಂದ್. ಕೆರೆದು ಮತ್ತೆ ಹಚ್ಚಿದೆವು, ಮತ್ತೆ ಒಣಗಿತು. ಮೂರನೆಯ ಸಲ ಶುರುವಿನಲ್ಲೇ ಪರದೆಯ ತುಂಬ ಬಣ್ಣದ ಪಟ್ಟೆಗಳು ಬಂದವು. ಬಿಸಿಗೆ ಹಿಗ್ಗಿ, ತಣ್ಣಗಾಗಿ ಕುಗ್ಗಿ, ಚಿಪ್ಪಿನ ಅಡಿಯ ಬೆಸುಗೆಯೇ ಬಿರುಕು ಬಿಟ್ಟಿದೆ ಎಂದಳು ಮಾರೆಕ್ಕ. ಚಿಪ್ಪು ಕೂತಿರುವ ಇಡೀ ಹಲಗೆಯನ್ನು ಹದವಾಗಿ ಕಾಯಿಸಿದರೆ ಬೆಸುಗೆ ಕರಗಿ ಕೂಡಿಕೊಳ್ಳಬಹುದು. ಬಿಸಿಯಿಂದ ಸತ್ತದ್ದಕ್ಕೆ ಬಿಸಿಯೇ ಮದ್ದು. ಆದರೆ ಎಷ್ಟು ದಿನಕ್ಕೆ ಎಂದು ಕೇಳಿದಾಗ ಅವಳು ತಮಾಷೆ ಮಾಡಲಿಲ್ಲ. 'ದಿನ ಗಿನ ಇಲ್ಲ ಪಂಪಣ್ಣ. ಒಂದು ಆಟ. ಅದೂ ಪೂರ್ತಿ ಅಂತ ನಾನು ಮಾತು ಕೊಡಂಗಿಲ್ಲ' ಎಂದಳು.

ಮಾರೆಕ್ಕ ಹಲಗೆಯನ್ನು ಕಾಯಿಸಿ ಕೊಟ್ಟ ಮೇಲೆ ಆರು ದಿನ ಆ ಒಂದು ಆಟವನ್ನು ಕಪಾಟಿನಲ್ಲಿಟ್ಟುಕೊಂಡು ತಿರುಗಿದೆ. ಆಡಿಸಿದರೆ ಮುಗಿದುಹೋಗುತ್ತದೆ, ಆಡಿಸದಿದ್ದರೆ ಅವ್ವ ಇನ್ನಷ್ಟು ದೂರ ಹೋಗುತ್ತಾಳೆ. ಗೆರೆ ದಾಟಿದ ಮೇಲಿನ ಆ ಅರ್ಧ ತಾಸಿನಲ್ಲಿ ಅವಳಿಗೆ ಹೇಳಲು ಒಂದು ಮಾತನ್ನು ತಯಾರು ಮಾಡಿಕೊಂಡೆ, ಅದೇನೆಂದು ನಿಮಗೂ ಬರೆಯುವುದಿಲ್ಲ. ಇವತ್ತು ಬೆಳಿಗ್ಗೆ ತಂಪುಪಾಳಿ ಶುರುವಾಗುತ್ತಲೇ ಪೆಟ್ಟಿಗೆಯನ್ನು ಚಾಲೂ ಮಾಡಿದೆ. ಪಟ್ಟೆಗಳಿಲ್ಲ. ಚಿತ್ರ ಕನ್ನಡಿಯ ಹಾಗಿತ್ತು. ಮಾರೆಕ್ಕ ಬೀಸಣಿಗೆ ಹಿಡಿದು ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತಳು. ಮೊದಲ ಸುತ್ತು, ಎರಡನೆಯ ಸುತ್ತು, ಅವ್ವ ನನಗಿಂತ ಎಷ್ಟೋ ಮುಂದೆ. ಒಂಬತ್ತು ನಿಮಿಷ ದಾಟಿತು. ಫ್ಯಾನು ಗುಡುಗತೊಡಗಿತು. ಹತ್ತಾಯಿತು. ಗೆರೆಗೆ ಇನ್ನೊಂದೇ ತಿರುವು.

ಅಲ್ಲಿ ಅವ್ವ ಕಾರನ್ನು ನಿಲ್ಲಿಸಿಬಿಟ್ಟಳು.

ಕೆಟ್ಟು ನಿಂತದ್ದಲ್ಲ, ಅವಳೇ ನಿಲ್ಲಿಸಿದ್ದು. 'ತಾತ, ನೀನು ಯಾವಾಗಲೂ ಇಲ್ಲೇ ಗೋಡೆಗೆ ಗುದ್ತೀಯ. ನಾನು ನಿಂತಿರ್ತೀನಿ. ನಿಧಾನ ಬಾ' ಎಂದಳು. ಈ ಆರು ದಿನಗಳಲ್ಲಿ ಅವಳು ಇನ್ನಷ್ಟು ಚಿಕ್ಕವಳಾಗಿ, ಆರೇಳು ವರ್ಷದ ಹೊನ್ನಿಯಾಗಿಬಿಟ್ಟಿದ್ದಳು. ನಾನು, 'ನೀನು ಹೋಗವ್ವ, ನೀನು ದಾಟು' ಎಂದು ಕೂಗಿದೆ. ಮಾರೆಕ್ಕ, 'ಹೋಗೇ ತಾಯಿ, ಹೋಗು' ಎಂದು ಬೀಸಿದಳು. ಅವ್ವ ನಕ್ಕಳು. 'ಒಬ್ಬಳೇ ಗೆದ್ದರೆ ಏನು ಚಂದ ತಾತ, ಜತೆಗೆ ಹೋಗೋಣ' ಎಂದಳು. ನಾನು ಸಿಕ್ಕಾಪಟ್ಟೆ ಓಡಿಸಿಕೊಂಡು ಬಂದೆ. ತಿರುವು ಬಂತು. ನಿಮ್ಮ ರಕ್ತ ತಾನೇ, ಗೋಡೆಗೆ ಗುದ್ದಿದೆ. ಹಿಂದಕ್ಕೆ ತೆಗೆದು ಮತ್ತೆ ಗುದ್ದಿದೆ. ಕೆಂಪು ದೀಪ ಮಿಣುಕಿತು. ಪರದೆ ಕಪ್ಪಾಯಿತು. ಮಾರೆಕ್ಕ ಗುಂಡಿಯನ್ನು ಎಷ್ಟು ಸಲ ಒತ್ತಿದಳೋ ಲೆಕ್ಕವಿಲ್ಲ. ಅವ್ವ ನನ್ನ ಬೆನ್ನು ತಟ್ಟಿ, 'ಇರಲಿ ಬಿಡು ತಾತ, ನಾಳೆ ಆಡಿದರಾಯ್ತು' ಎಂದು ಸಮಾಧಾನ ಹೇಳಿದಳು.

ಮುತ್ತಾತ, ನನಗೆ ಕೇಳುವುದಕ್ಕೆ ಉಳಿದಿರುವುದು ಒಂದೇ. ನೀವು ನನ್ನ ಮಾತನ್ನು ಕೇಳುವವರಲ್ಲವೆಂದು ಗೊತ್ತು, ಆದರೂ ಕೇಳುತ್ತೇನೆ. ಹೊನ್ನಿ ಹುಟ್ಟಿ, ಬೆಳೆದು, ನಿಮ್ಮ ಪಕ್ಕ ಆಡಲು ಕೂರುವುದಕ್ಕೆ ಇಪ್ಪತ್ತನಾಲ್ಕು ವರ್ಷವಿದೆ. ಅಷ್ಟರೊಳಗೆ ಆ ಕೊನೆಯ ತಿರುವನ್ನು ಅಭ್ಯಾಸ ಮಾಡಿ. ಅದು ಬಲಕ್ಕಿದೆ, ತೋರುವುದಕ್ಕಿಂತ ಚೂಪಾಗಿದೆ, ಸೇತುವೆ ದಾಟಿದ ಕೂಡಲೇ ಬ್ರೇಕ್ ಹಿಡಿಯಬೇಕು. ದಿನಕ್ಕೆ ಹತ್ತು ನಿಮಿಷ ಸಾಕು. ನೀವು ಅದನ್ನು ಸಲೀಸಾಗಿ ದಾಟುವವರಾದರೆ, ಆ ಮಗು ನಿಮಗಾಗಿ ಅಲ್ಲಿ ನಿಲ್ಲುವುದನ್ನು ಕಲಿಯುವುದಿಲ್ಲ.

ಇಂತಿ,
ನಿಮ್ಮ ಮರಿಮಗ
ಪಂಪಾಪತಿ