ಮಾಲಗಾದ ಮೀನಂಗಡಿಯ ಮುಂದೆ

ಐಂಡ್‌ಹೋವನ್
24 ಅಕ್ಟೋಬರ್ 2021

ಪ್ರೀತಿಯ ಇಂದಿರಕ್ಕ,

ನಿನಗೂ ಭಾವನಿಗೂ ನಮ್ಮಿಬ್ಬರ ನಮಸ್ಕಾರ. ಸ್ಪೇನಿನಿಂದ ಬಂದ ಮಾರನೆಯ ದಿನವೇ ಬರೆಯುತ್ತೇನೆ ಎಂದಿದ್ದೆ, ವಾರ ಕಳೆಯಿತು, ಬೇಜಾರು ಮಾಡಿಕೊಳ್ಳಬೇಡ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಿನ್ನ ಮುಖ ಕಂಡ ಕೂಡಲೇ ನಾನು "ಎಲ್ಲಾ ಸೂಪರ್" ಎಂದುಬಿಡುತ್ತೇನೆ. ಕಾಗದದಲ್ಲಿ ಹಾಗೆ ತಪ್ಪಿಸಿಕೊಳ್ಳುವುದು ಕಷ್ಟ. ಕಾನ್ವೆಂಟಿನಲ್ಲಿ ಓದಿದವಳ ಕನ್ನಡ, ಒತ್ತಕ್ಷರ ತಪ್ಪಿದ್ದರೆ ನಕ್ಕುಬಿಡು.

ಜನವರಿಯಲ್ಲಿ ಕೊರೋನಾ ಬಂದಾಗ ಹೋದ ನನ್ನ ಮೂಗು ಹೊರಡುವವರೆಗೂ ಬಂದಿರಲಿಲ್ಲ ಎಂದು ನಿನಗೆ ಗೊತ್ತು. ಇಲ್ಲಿನ ಡಾಕ್ಟರು ದಿನಾ ಲವಂಗ, ನಿಂಬೆ ಮೂಸಲು ಹೇಳಿದ್ದರು. ಮೂಸಿದ್ದೇ ಬಂತು. ಲವಂಗವೂ ಒಂದೇ, ಪೆನ್ಸಿಲ್ಲೂ ಒಂದೇ. ನಾಲಿಗೆಗೆ ಉಪ್ಪು, ಹುಳಿ, ಖಾರ ತಿಳಿಯುತ್ತದೆ. ತಿನ್ನುತ್ತಿರುವುದು ಯಾವ ಅಡುಗೆ ಎಂಬುದು ಮಾತ್ರ ತಿಳಿಯುವುದಿಲ್ಲ.

ಇಬ್ಬರಿಗೂ ಲಸಿಕೆ ಆಗಿ, ಓಡಾಟ ಸಲೀಸಾದ ಮೇಲೆ ಮುರಳಿ, "ಸ್ಪೇನಿಗೆ ಹೋಗೋಣ ನಡಿ. ಇಲ್ಲಿ ಪ್ಲಾಸ್ಟಿಕ್ ಸುತ್ತಿದ ಕೊತ್ತಂಬರಿ ಸೊಪ್ಪಿಗೆ ಯಾರ ಮೂಗು ತಾನೇ ಏಳುತ್ತೆ?" ಎಂದರು.

ಮೊದಲು ವಲೆನ್ಸಿಯಾ. ಗುಮ್ಮಟದ ಕೆಳಗೆ ಇಡೀ ಊರಿನ ಅಡುಗೆಮನೆ ತಂದಿಟ್ಟ ಹಾಗಿದೆ ಅಲ್ಲಿನ ಮಾರ್ಕೆಟ್. ಅಂಗಡಿಯ ಮುಂದೆ ಯಾರೂ ಸಾಲು ನಿಲ್ಲುವುದಿಲ್ಲ. ಬಂದವರು "ಕೊನೆಯವರು ಯಾರು?" ಎಂದು ಕೇಳುತ್ತಾರೆ, ಕೊನೆಗೆ ಬಂದವರು ಕೈ ಎತ್ತುತ್ತಾರೆ. ಅಷ್ಟಾದರೆ ಎಲ್ಲಿ ಬೇಕಾದರೂ ನಿಲ್ಲಬಹುದು, ನಿನ್ನ ಸರದಿ ಬಂದೇ ಬರುತ್ತದೆ. ನನ್ನ ಹಿಂದೆ ಬಂದವರು ಕೇಳಿದಾಗ ನಾನೂ ಕೈ ಎತ್ತಿದೆ. ಇದೇನು ದೊಡ್ಡ ವಿಷಯ ಎನ್ನಬೇಡ, ಒಂದೂವರೆ ವರ್ಷ ಮನೆಯೊಳಗೇ ಕೂತವಳಿಗೆ ಅಪರಿಚಿತರ ನಡುವೆ ಒಂದು ಸರದಿ ಸಿಕ್ಕಿದ್ದೇ ಖುಷಿ.

ನನ್ನ ಮೂಗಿನ ಕೆಲಸ ಮುರಳಿಯ ಪಾಲಿಗೆ. ಅವರು ಗೊತ್ತಲ್ಲ, ಮದುವೆಯಾದಾಗಿನಿಂದ ನನ್ನ ಅಡುಗೆಗೆಲ್ಲ "ಪರವಾಗಿಲ್ಲ" ಎಂಬ ಒಂದೇ ಸರ್ಟಿಫಿಕೇಟು.

"ಟೊಮೇಟೊ ಹೇಗಿದೆ ರೀ?"

"ಪರವಾಗಿಲ್ಲ."

"ಪರವಾಗಿಲ್ಲ ಅನ್ನೋ ವಾಸನೆ ಇರುತ್ತಾ?"

ಪಾಪ, ಮಾಸ್ಕ್ ಇಳಿಸಿ ಇನ್ನೊಮ್ಮೆ ಮೂಸಿದರು. "ಹಿತ್ತಲಲ್ಲಿ ಟೊಮೇಟೊ ಗಿಡ ಮುಟ್ಟಿದರೆ ಆಮೇಲೆ ಕೈಯೆಲ್ಲಾ ಹಸಿರು ವಾಸನೆ ಬರ್ತಿತ್ತಲ್ಲ? ಅದು. ಸ್ವಲ್ಪ ಬಿಸಿಲೂ ಇದೆ."

ಬಿಸಿಲೂ ಇದೆಯಂತೆ! ಇಷ್ಟು ಮಾತು ಇವರೊಳಗೆ ಮೊದಲೇ ಇತ್ತೇ? ಕೇಳುವ ವ್ಯವಧಾನ ನನಗೇ ಇರಲಿಲ್ಲವೇ? ಯೋಚಿಸುತ್ತಲೇ ಇದ್ದೇನೆ. ಮಧ್ಯಾಹ್ನ ಅಗಲವಾದ ಬಾಣಲೆಯಲ್ಲಿ ಬೇಯಿಸಿದ ತರಕಾರಿ ಅನ್ನ ತಿಂದೆವು. ತಳ ಹಿಡಿದ ಭಾಗಕ್ಕೇ ಅಲ್ಲಿ ಪೈಪೋಟಿ. ನಮ್ಮ ಮನೆಯಲ್ಲಾಗಿದ್ದರೆ ಬೈಸಿಕೊಳ್ಳುತ್ತಿದ್ದೆವು. ಕರುಂಕುರುಂ ಎನ್ನುವುದಕ್ಕೆ ಮೂಗು ಬೇಡವಲ್ಲ, ಚೆನ್ನಾಗಿ ಕೆರೆದು ತಿಂದೆ.

ಗ್ರನಾಡಾದ ಮೇಲೆ ನಾನು ಆಸೆ ಇಟ್ಟುಕೊಂಡಿದ್ದೆ. ಅಲ್ಲಿ ದೊಡ್ಡ ಚರ್ಚಿನ ಗೋಡೆಯ ಪಕ್ಕದಲ್ಲೇ ಮಸಾಲೆ ಸಾಮಾನು ಮಾರುತ್ತಾರೆ. ಜೀರಿಗೆಯ ಚೀಲದ ಮೇಲೆ ಬಗ್ಗಿ ನಿಂತೆ. ಏನೂ ಇಲ್ಲ. ಮುರಳಿ ಬಾಯಿ ತೆರೆದರು. "ಬೇಡ ರೀ, ಹೇಳಬೇಡಿ" ಎಂದೆ. ಮನೆಗೆ ಹೋಗಿಬಿಡೋಣ ಎಂದೂ ಹೇಳಿದೆ. "ವಿಮಾನ ಇರೋದು ಮಾಲಗಾದಿಂದ. ಅಲ್ಲಿವರೆಗಾದ್ರೂ ಬರಲೇಬೇಕು ತಾಯಿ" ಎಂದರು.

ಮಾಲಗಾದ ಮಾರ್ಕೆಟ್‌ನಲ್ಲಿ ಬಣ್ಣದ ಗಾಜಿನ ದೊಡ್ಡ ಕಿಟಕಿಯನ್ನು ನೋಡುತ್ತಾ ತಲೆ ಎತ್ತಿಕೊಂಡೇ ನಡೆದೆ, ದಾರಿ ತಪ್ಪಿ ಮೀನಿನ ಸಾಲಿಗೆ ಹೋದೆ. ಚಿಕ್ಕವರಿದ್ದಾಗ ಮೀನಂಗಡಿ ಬಂದರೆ ಅಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು ನಮ್ಮಿಬ್ಬರನ್ನೂ ಎಳೆದುಕೊಂಡು ಓಡುತ್ತಿದ್ದದ್ದು ನೆನಪಿದೆಯಾ? ಅಲ್ಲೇ ಅಕ್ಕ, ಮಾಸ್ಕಿನೊಳಗೇ, ಏನೋ ಬಂತು. ತಣ್ಣಗೆ, ಉಪ್ಪುಪ್ಪಾಗಿ, ಅಸಹ್ಯವಾಗಿ.

"ರುಕ್ಕು, ಈ ಕಡೆ ಬಾ, ಅದು ಮೀನು!"

"ಗೊತ್ತು ರೀ! ಗೊತ್ತಾಗ್ತಾ ಇದೆ!"

ಅಂಗಡಿಯ ಹೆಂಗಸು ನಾನು ಅಳುವುದನ್ನು ನೋಡಿ ಗಾಬರಿಯಾದಳು. ಮುರಳಿ ತಮ್ಮ ಮೂಗು ಹಿಡಿದು, ಬಿಟ್ಟು, ಕೈಕಾಲು ಆಡಿಸಿ ವಿವರಿಸಿದರು. ಅವಳು ತನ್ನ ಮೂಗನ್ನೂ ತೋರಿಸಿಕೊಂಡು ತಲೆಯಾಡಿಸಿದಳು. ಅವಳದೂ ಹೋಗಿ ಬಂದಿತ್ತಂತೆ. ಆಮೇಲೆ ನಗುತ್ತಾ ಒಂದು ದಪ್ಪ ಮೀನನ್ನು ಎತ್ತಿ ನನ್ನ ಮುಖದ ಹತ್ತಿರ ಹಿಡಿದಳು. ನಾನು ಓಡಲಿಲ್ಲ.

ಇಲ್ಲಿಗೆ ಬಂದ ಮೇಲೆ ನಿನ್ನೆ ಕಿತ್ತಳೆ ಸಿಪ್ಪೆ ಒಂದು ಕ್ಷಣ ಬಂದು ಹೋಯಿತು. ಕಾಫಿ ಮಾತ್ರ ಸುಟ್ಟ ಟೈರಿನ ಹಾಗಿದೆ. ಇರಲಿ, ಟೈರಾದರೂ ಬಂತಲ್ಲ.

ಮಕ್ಕಳಿಗೆ ಆಶೀರ್ವಾದ. ಈಗ ನಮಗೆ ಹಿರಿಯಳು ನೀನೇ. ನಮ್ಮನ್ನು ಹರಸುತ್ತಿರು, ಆರೋಗ್ಯ ನೋಡಿಕೋ.

ನಿನ್ನ ತಂಗಿ,
ರುಕ್ಮಿಣಿ

ತಾ.ಕ.: "ಅಮ್ಮನ ಸಾರಿನ ಪುಡಿ ಹೇಗಿತ್ತೇ?" ಎಂದು ನೀನು ಪ್ರತಿ ಸಲ ಕೇಳುತ್ತೀಯ, ನಾನು ಮಾತು ಮರೆಸುತ್ತೇನೆ. ಡಬ್ಬಿ ಇನ್ನೂ ತೆರೆದಿಲ್ಲ ಅಕ್ಕ. ಅದನ್ನು ಕಳಿಸಿದ ದಿನ ಅಮ್ಮ ಫೋನಿನಲ್ಲಿ, "ಇದಕ್ಕೆ ಬಾರದ ಮೂಗು ಇನ್ಯಾವುದಕ್ಕೆ ಬಂದೀತು ಬಿಡೇ" ಎಂದು ನಕ್ಕಿದ್ದಳು. ಪಾರ್ಸೆಲ್ ಬರುವ ಹೊತ್ತಿಗೆ ಅವಳೇ ಇರಲಿಲ್ಲ, ನನಗೆ ಅಲ್ಲಿಗೆ ಬರಲೂ ಆಗಲಿಲ್ಲ. ತೆರೆದಾಗ ಏನೂ ಬಾರದಿದ್ದರೆ ಅವಳ ನಂಬಿಕೆ ಸುಳ್ಳಾಗುತ್ತದಲ್ಲ ಎಂಬ ಹೆದರಿಕೆ. ಮೂಗು ಬರಲಿ ಎಂದು ಕಾಯುತ್ತಾ ಕೂತರೆ ಪುಡಿಯ ಘಮವೇ ಹಾರಿಹೋಗುತ್ತದೆ. ದೀಪಾವಳಿಯ ದಿನ ತೆರೆಯುತ್ತೇನೆ. ನೀನು ಫೋನಿನಲ್ಲಿರು. ಮೊದಲು ಮುರಳಿ ಮೂಸಿ ಹೇಗಿದೆ ಎಂದು ಹೇಳಲಿ, ಅದನ್ನು ಕೇಳಿ ಅಮ್ಮನ ಸಾರು ಹೌದೋ ಅಲ್ಲವೋ ನೀನು ಹೇಳು. "ಪರವಾಗಿಲ್ಲ" ಎಂದರೆ ಮಾತ್ರ ಅವರನ್ನು ಬಿಡಬೇಡ. ಕೊನೆಯವಳು ನಾನು. ಕೈ ಎತ್ತಿ ನಿಂತಿರುತ್ತೇನೆ.